ಕಪ್ಪು ಕಿಟಕಿಗೆ ಶ್ರೀಕಾರ

ಹೊಸದುರ್ಗದ ಶರಣ್ ನನ್ನ ಪುಟವನ್ನು ಮತ್ತೆ ವಾಪಸ್ ಕಳಿಸಿದ ದಿನ, ಅವನು ಎದುರಿಗೆ ಸಿಕ್ಕಿದ್ದರೆ ತಲೆಯ ಮೇಲೆ ಒಂದು ಬಿಂದಿಗೆ ನೀರು ಸುರಿದುಬಿಡುತ್ತಿದ್ದೆ. ಸಿಗಲಿಲ್ಲ, ಬಚಾವಾದ. ಆಗ ನಮ್ಮಿಬ್ಬರ ಪರಿಚಯವೆಲ್ಲ ಬರೀ ಫೋನಿನಲ್ಲಿ. “ಕಾವ್ಯಶ್ರೀ ಅವರೇ, ಮೊದಲ ಪಾಠದಲ್ಲಿ ಮುಚ್ಚುವ ಗುರುತು ಬಿಟ್ಟಿದ್ದೀರಿ” ಎಂದು ಬರೆದಿದ್ದ. ಕೊನೆಗೊಂದು ನಗುವ ಮುಖ ಬೇರೆ. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಹರಿಯಬ್ಬೆಯ ಲೈಬ್ರರಿ ನೋಡಿಕೊಳ್ಳುವವಳು. ಲೈಬ್ರರಿ ಅಂದರೆ ಡೈರಿ ಪಕ್ಕದ ಒಂದು ಕೋಣೆ, ಎರಡು ಬೀರು, ಒಂದು ಫ್ಯಾನು, ಮತ್ತು ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹಳೇ ಕಂಪ್ಯೂಟರು. ಮೌಸ್ ಹಿಡಿದು ಅದರಲ್ಲಿ ಏನಾದರೂ ಒತ್ತಿದರೆ, ಅದು ತೆರೆಯುವಷ್ಟರಲ್ಲಿ ಹೋಗಿ ಚಹಾ ಕುಡಿದು ಬರಬಹುದು. ಆದರೆ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು, ಕಮಾಂಡ್, ಅಂದರೆ ಅಪ್ಪಣೆ, ಟೈಪ್ ಮಾಡಿದರೆ ಮಾತ್ರ, ಅಬ್ಬಾ, ಹಗ್ಗ ಬಿಚ್ಚಿದ ಕುರಿಮರಿಯ ಹಾಗೆ ಎದ್ದು ಓಡುತ್ತದೆ. ಆ ಕಪ್ಪು ಕಿಟಕಿಯನ್ನು ಹೊಸಬರಿಗೆ ಕಲಿಸುವ ಇಂಗ್ಲಿಷ್ ಕೈಪಿಡಿಯೊಂದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಬೇರೆ ಬೇರೆ ಭಾಷೆಗೆ ತರುವವರ ಗುಂಪಿದೆ. ಕನ್ನಡದ ಹೊಣೆ ಶರಣನದು. ಬರೆಯುವ ಹುಚ್ಚು ನನ್ನದು.

ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಲೈಬ್ರರಿಗೆ ಬಂದವರು ಆ ಕಂಪ್ಯೂಟರ್ ಮುಂದೆ ಆಸೆಯಿಂದ ಕೂರುತ್ತಿದ್ದರು, ಇಂಗ್ಲಿಷ್ ಪುಟ ನೋಡುತ್ತಿದ್ದರು, “ಇದು ನಮ್ಮಂಥೋರಿಗಲ್ಲ ಬಿಡವ್ವ” ಎಂದು ಎದ್ದು ಹೋಗುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. ಸಿಟ್ಟು ಬಂದರೆ ಕೆಲಸ ಮಾಡುತ್ತೇನೆ.

ಪುಟ ಬರೆಯುವುದು ಸುಲಭ, ಅದರೊಳಗೆ ಗುರುತು ಹಾಕುವುದೇ ಕಷ್ಟ. ಯಾವುದು ಮಾತು, ಯಾವುದು ಕಮಾಂಡ್ ಎಂದು ತಿಳಿಯಲು ಕಮಾಂಡಿನ ಹಿಂದೆ ಒಂದು ಗುರುತು, ಮುಂದೆ ಒಂದು ಗುರುತು ಇಡಬೇಕು. ಹಾಗಿಟ್ಟದ್ದು ಬೂದು ಬಣ್ಣದ ಡಬ್ಬಿಯೊಳಗೆ ಕೂರುತ್ತದೆ. ಡಬ್ಬಿಯೊಳಗಿನದನ್ನು ಟೈಪ್ ಮಾಡಬೇಕು, ಹೊರಗಿನದನ್ನು ಬರೀ ಓದಬೇಕು, ಇಷ್ಟೇ ಶಾಸ್ತ್ರ. ಮುಚ್ಚುವ ಗುರುತು ಒಂದು ಮರೆತರೆ ಮುಗಿಯಿತು, ರೊಪ್ಪದ ಬಾಗಿಲು ತೆಗೆದಿಟ್ಟಾಗ ಕುರಿಗಳು ನುಗ್ಗಿದಂತೆ ಕೆಳಗಿನ ಮಾತೆಲ್ಲ ಡಬ್ಬಿಗೆ ನುಗ್ಗುತ್ತದೆ.

ನುಗ್ಗಿದರೆ ಏನಾಗುತ್ತದೆ ಎಂದು ನನಗೆ ತೋರಿಸಿದವಳು ಮುದ್ದಕ್ಕ. ಐವತ್ತು ದಾಟಿದ ಹೆಂಗಸು, ಕುರಿಯವರ ಮನೆ, ಓದಿದ್ದು ಏಳನೇ ಕ್ಲಾಸು. ಬೆಳಿಗ್ಗೆ ಮಗನ ಜೊತೆ ಕುರಿ ಹೊರಡಿಸಿ ಸೀದಾ ಲೈಬ್ರರಿಗೆ ಬಂದು, ಪೇಪರನ್ನು ಮೊದಲ ಸಾಲಿನಿಂದ ಅಚ್ಚು ಹಾಕಿದವರ ಹೆಸರಿನವರೆಗೆ ಗಟ್ಟಿಯಾಗಿ ಓದುತ್ತಾಳೆ. ಒಂದಕ್ಷರ ಬಿಡುವವಳಲ್ಲ. ನಾನು ಪುಟವನ್ನು ಲೈಬ್ರರಿಯ ಟ್ಯಾಬಿನಲ್ಲಿ ತೆರೆದು ಕಂಪ್ಯೂಟರ್ ಪಕ್ಕಕ್ಕಿಟ್ಟು ಅವಳನ್ನು ಕೂರಿಸಿದ್ದೆ. ಕೀಲಿಗಳಿಗೆಲ್ಲ ಕನ್ನಡದ ಸ್ಟಿಕರ್ ಅಂಟಿಸಿದ್ದೆ. ಮುದ್ದಕ್ಕ ಒಂದೊಂದೇ ಅಕ್ಷರ ಹುಡುಕಿ ಹುಡುಕಿ, ಬೆವರೊರೆಸಿಕೊಂಡು, ಕಪ್ಪು ಕಿಟಕಿಯೊಳಗೆ ಟೈಪ್ ಮಾಡಿದಳು: ‘ಈಗ ಎಂಟರ್ ಒತ್ತಿ, ಹೆದರಬೇಡಿ.’

ನಾನು ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ಶರಣ್ ಹೇಳಿದ್ದು ಸರಿಯಿತ್ತು, ಹಾಳಾದವನು. ಮುಚ್ಚುವ ಗುರುತು ಹಾಕಿದೆ.

ಆಮೇಲೆ ಅವನು ಫೋನ್ ಮಾಡಿ ನಿಯಮ ಹೇಳಿದ. “ಬರೋ ಭಾನುವಾರ ನಾನೇ ಬರ್ತೀನ್ರಿ. ಒಬ್ಬ ಹೊಸಬರು ಯಾರ ಸಹಾಯಾನೂ ಇಲ್ದೆ, ಬರೀ ಪುಟ ನೋಡ್ಕಂಡು, ಮೊದಲ ಪಾಠದಿಂದ ಕೊನೇ ಪಾಠದವರೆಗೆ ಮುಟ್ಬೇಕು. ಮುಟ್ಟಿದ್ರೆ ಕನ್ನಡ ಸೇರುತ್ತೆ. ಇಲ್ಲಾಂದ್ರೆ ಈ ಸಲದ ಕೈಪಿಡೀಲಿ ಕನ್ನಡ ಇರಲ್ಲ. ಮತ್ತೆ ಮುಂದಿನ ವರ್ಷಾನೇ.”

“ನಾನು ಪಕ್ಕದಲ್ಲಿ ಕುಂತಿರಬಹುದಾ?”

“ಕುಂತ್ಕಳ್ರಿ. ಬಾಯಿ ಬಿಡಂಗಿಲ್ಲ.”

ನನಗೆ ಬಾಯಿ ಬಿಡಬೇಡ ಎನ್ನುವುದು, ಕೋಳಿಗೆ ಕೆದಕಬೇಡ ಎಂದಂತೆ. ಆದರೂ ಒಪ್ಪಿದೆ. ಹೊಸಬರೆಂದರೆ ಮುದ್ದಕ್ಕನೇ. ಬೇರೆ ಯಾರನ್ನು ಕರೆದರೂ ಆ ಕಪ್ಪು ಕಿಟಕಿ ಕಂಡ ಕೂಡಲೇ “ವೈರಸ್ ಹತ್ತೈತೆ!” ಎಂದು ಓಡುತ್ತಿದ್ದರು.

ಮುಚ್ಚುವ ಗುರುತು ಸರಿಯಾಗಿತ್ತಲ್ಲ, ಮುದ್ದಕ್ಕ ಮತ್ತೆ ಕುಳಿತಳು. ಕೈಯನ್ನು ಸೆರಗಿಗೆ ಒರೆಸಿ, ಕೀಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಡಬ್ಬಿಯೊಳಗೆ ಏನಿತ್ತೋ ಹಾಗೇ ಟೈಪ್ ಮಾಡಿದಳು. ಮೊದಲು $, ಆಮೇಲೆ ಕಮಾಂಡು. ಯಂತ್ರ “ಕಮಾಂಡ್ ನಾಟ್ ಫೌಂಡ್” ಎಂದಿತು. ಅಂಥ ಕಮಾಂಡು ತನಗೆ ಗೊತ್ತಿಲ್ಲ ಎಂದು ಅದು ಹೇಳುವ ರೀತಿ ಅದು. ಮುದ್ದಕ್ಕ ಮತ್ತೆ ಅಷ್ಟೇ ಭಕ್ತಿಯಿಂದ ಟೈಪ್ ಮಾಡಿದಳು. ಯಂತ್ರವೂ ಅಷ್ಟೇ ನಿಷ್ಠೆಯಿಂದ ಗೊತ್ತಿಲ್ಲ ಎಂದಿತು.

“ಅಕ್ಕಾ, ಆ ಡಾಲರ್ ಯಾಕೆ ಹೊಡೀತೀಯಾ?”

“ಯಾವ ಡಾಲರ್ರು?”

“ಮೊದ್ಲು ಹೊಡೆದ್ಯಲ್ಲ, ಅದು.”

ಮುದ್ದಕ್ಕ ನನ್ನನ್ನು ಪಾಪ ಎಂಬಂತೆ ನೋಡಿದಳು. “ಅದು ಡಾಲರ್ ಅಲ್ಲ ಕಣೇ. ಶ್ರೀ. ಇಂಗ್ಲಿಷ್‌ನೋರ ಶ್ರೀ. ಎಸ್ ಬರ್ದು ನಡುವೆ ಗೀಟು ಎಳ್ದವ್ರೆ ನೋಡು. ಒಂದೊಂದು ಸಾಲಿಗೂ ಮುಂದೆ ಹಾಕವ್ರೆ. ಭಾರಿ ಭಕ್ತರು ಅಂತ ಕಾಣ್ತೈತೆ.”

ನನಗೆ ಶುರುವಾದ ನಗು ಬಿಕ್ಕಳಿಕೆಯಾಗಿ, ಡೈರಿಯವರು ನೀರು ತಂದುಕೊಟ್ಟ ಮೇಲೇ ನಿಂತಿದ್ದು. ಆದರೆ ಯೋಚಿಸಿ ನೋಡಿದರೆ ತಪ್ಪು ಅವಳದಲ್ಲ. ಆ $ ಯಂತ್ರದ ಗುರುತು. “ನಾನು ತಯಾರು, ಏನು ಹೇಳುತ್ತೀ ಹೇಳು” ಎಂದು ಯಂತ್ರವೇ ಸಾಲಿನ ಮುಂದೆ ಬರೆದಿಡುವುದು ಅದು. ನಾವು ಟೈಪ್ ಮಾಡಬಾರದು. ಬಲ್ಲವರಿಗೆಲ್ಲ ಇದು ಗೊತ್ತು, ಗೊತ್ತಿರುವುದರಿಂದಲೇ ಯಾರೂ ಬರೆದಿಲ್ಲ. ಚೀಟಿಯಿಂದ ಹಿಡಿದು ಲಗ್ನಪತ್ರಿಕೆವರೆಗೆ ಶ್ರೀ ಇಲ್ಲದೆ ಶುರುಮಾಡದ ನಮ್ಮ ಜನ, ಸಾಲಿನ ತುದಿಗೆ ಕೂತ ಗೀಟು ಹಾಕಿದ ಎಸ್ ಕಂಡರೆ ಇನ್ನೇನು ತಿಳಿದುಕೊಳ್ಳಬೇಕು?

ಅವತ್ತೇ ಕೂತು ಇಡೀ ಪುಟದ $ಗಳನ್ನೆಲ್ಲ ಕಿತ್ತು ಹಾಕಿದೆ. ಗದ್ದೆ ಕಳೆ ತೆಗೆದಷ್ಟು ಹಗುರವಾಯಿತು. ನನ್ನಂಥ ಜಾಣೆ ಚಿತ್ರದುರ್ಗ ಜಿಲ್ಲೆಯಲ್ಲೇ ಇಲ್ಲ ಅಂದುಕೊಂಡು ಮನೆಗೆ ಹೋದೆ.

ಮಾರನೇ ದಿನ ಜಾಣತನ ಇಳಿಯಿತು. $ ಇಲ್ಲದ ಪುಟ ನೋಡಿ ಮುದ್ದಕ್ಕ ಹುಬ್ಬು ಗಂಟಿಕ್ಕಿದಳು. ಭಾಷೆ ಬದಲಿಸುವ ಕೀಲಿ ಒತ್ತಿ, ಸಾವಧಾನವಾಗಿ, ಕನ್ನಡದಲ್ಲೇ ‘ಶ್ರೀ’ ಎಂದು ಟೈಪ್ ಮಾಡಿ, ಮತ್ತೆ ಕೀಲಿ ಒತ್ತಿ, ಕಮಾಂಡ್ ಹೊಡೆದಳು. ಶ್ರೀ ಎಂಬ ಕಮಾಂಡ್ ಗೊತ್ತಿಲ್ಲ ಎಂದಿತು ಯಂತ್ರ.

“ಅಯ್ಯೋ, ಅದನ್ಯಾಕೆ ಹೊಡೆದೆ? ಪುಟದಲ್ಲಿ ಇಲ್ವಲ್ಲ!”

“ಪುಟ ಬರೆದೋರು ಮರ್ತವ್ರೆ. ಅವ್ರು ಮರ್ತ್ರೆ ನಾನೂ ಮರೀಬೇಕಾ?”

ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಡಬ್ಬಿಯಲ್ಲಿ ಕಮಾಂಡಿನ ಕೆಳಗೆ ಯಂತ್ರ ಕೊಡುವ ಉತ್ತರವನ್ನೂ ತೋರಿಸಿದ್ದೆ. $ ಇದ್ದಾಗ ಯಾವುದು ಕಮಾಂಡು, ಯಾವುದು ಉತ್ತರ ಎಂದು ಗೊತ್ತಾಗುತ್ತಿತ್ತು. ಈಗ ಎರಡೂ ಒಂದೇ ಥರ. ಮುದ್ದಕ್ಕ ಯಂತ್ರದ ಉತ್ತರವನ್ನೂ ತಾನೇ ಟೈಪ್ ಮಾಡಿದಳು, ಅದಕ್ಕೂ ಮುಂದೊಂದು ಶ್ರೀ ಹಾಕಿ. ಭಾನುವಾರ ಹತ್ತಿರ ಬರುತ್ತಿತ್ತು. ನನ್ನ ನಾಲಿಗೆ ಜಾರಿತು.

“ಅಕ್ಕಾ, ಇದೇನು ಗುಡಿಯಾ? ಕಂಪ್ಯೂಟರ್! ಇಲ್ಲಿ ಶ್ರೀಗೀ ನಡೆಯಲ್ಲ!”

ಮುದ್ದಕ್ಕ ನಿಧಾನವಾಗಿ ಎದ್ದಳು. “ನಾನೇನು ಊದಿನಕಡ್ಡಿ ಹಚ್ಚಿದ್ನಾ? ತೆಂಗಿನಕಾಯಿ ಒಡೆದ್ನಾ? ಒಂದಕ್ಷರ ಬರ್ದೆ. ಅದಕ್ಕೂ ಜಾಗ ಇಲ್ಲಾಂದ್ರೆ ಇಟ್ಕಳವ್ವ ನಿನ್ನ ಪೆಟ್ಟಿಗೇನ. ನನಗೆ ಪೇಪರ್ರೇ ಸಾಕು.” ಸೆರಗು ಝಾಡಿಸಿ ಹೊರಟೇಬಿಟ್ಟಳು. ಪೇಪರ್ ಕೂಡ ಓದಲಿಲ್ಲ.

ಸಂಜೆಗೆ ಶರಣನ ಫೋನು. “ನಿಮ್ಮ ಹೊಸಬರು ರೆಡಿ ಅವ್ರಲ್ವಾ?”

“ಭಾರಿ ರೆಡಿ ಅವ್ರೆ” ಎಂದೆ.

ಶನಿವಾರ ಲೈಬ್ರರಿಗೆ ಬೀಗ ಜಡಿದು ಮುದ್ದಕ್ಕನ ಮನೆಗೆ ಹೋದೆ. ಅಂಗಳದಲ್ಲಿ ರಾಗಿ ಅಳೆಯುತ್ತಿದ್ದಳು. “ಲಾಭ… ಎರಡು… ಮೂರು…” ಒಂದು ಎನ್ನುವ ಕಡೆ ಲಾಭ ಎನ್ನುವ ಈ ಜನಕ್ಕೆ ಶ್ರೀ ಬಿಡು ಎಂದೆನಲ್ಲ, ನನ್ನ ಬುದ್ಧಿಗಿಷ್ಟು! ಅಳತೆ ನಡೆಯುವಾಗ ಮಾತಾಡಿಸಬಾರದು. ಸುಮ್ಮನೆ ಜಗಲಿಯ ಮೇಲೆ ಕುಳಿತೆ. ಚೀಲ ತುಂಬಿದ ಮೇಲೂ ಅವಳು ನನ್ನ ಕಡೆ ನೋಡಲಿಲ್ಲ. ಪಕ್ಕದಲ್ಲಿದ್ದ ಕಟ್ಟನ್ನು ನನ್ನ ಮಡಿಲಿಗೆ ತಳ್ಳಿದಳು. ಬಿ.ದುರ್ಗದಲ್ಲಿರುವ ಅವಳ ತಮ್ಮನ ಮಗಳ ಮದುವೆ ಪತ್ರಿಕೆಗಳು.

“ಸುಮ್ನೆ ಕುಂತಿದ್ದೀಯಲ್ಲ, ಹೆಸ್ರು ಬರಿ.”

ಇದೇ ರಾಜಿಯ ಸಮಯ ಎಂದು ನನಗೆ ಹೊಳೆಯಿತು. ಅವಳನ್ನು ಮೆಚ್ಚಿಸಬೇಕೆಂದು, ಮೊದಲ ಪತ್ರಿಕೆಯ ನೆತ್ತಿಯ ಮೇಲೆ ದೊಡ್ಡದಾಗಿ, ಚೆಂದವಾಗಿ ‘ಶ್ರೀ’ ಎಂದು ಬರೆದು ತೋರಿಸಿದೆ.

“ಏಯ್! ಏನೇ ಮಾಡ್ದೆ?” ಮುದ್ದಕ್ಕ ಪತ್ರಿಕೆ ಕಿತ್ತುಕೊಂಡಳು. “ಅಚ್ಚಿನೋನು ಆಗ್ಲೇ ಹಾಕವ್ನಲ್ಲೇ, ಕಣ್ಣು ಕಾಣಾಕಿಲ್ವಾ? ಅಚ್ಚಾಗಿ ಬಂದಿರೋ ಶ್ರೀ ಮೇಲೆ ಇನ್ನೊಂದು ಶ್ರೀ ಯಾರಾದ್ರೂ ಹಾಕ್ತಾರಾ? ಲಕ್ಷಣವಾಗಿರೋ ಪತ್ರಿಕೆ ಕೆಡಿಸಿದ್ಯಲ್ಲ!”

ನಾನು ಅವಳ ಮುಖವನ್ನೇ ನೋಡಿದೆ. “ಏನಂದೆ? ಇನ್ನೊಂದ್ಸಲ ಹೇಳು.”

“ಶ್ರೀ ಮೇಲೆ ಶ್ರೀ ಹಾಕಬಾರ್ದು ಅಂದೆ.”

“ಅಕ್ಕಾ!” ಎಂದು ಕಿರುಚಿ ಅವಳನ್ನು ತಬ್ಬಿಕೊಂಡೆ. ಕಟ್ಟಿದ್ದ ನಾಯಿ ಬೊಗಳಿತು. ಪತ್ರಿಕೆಗಳು ಜಗಲಿಯಿಂದ ಜಾರಿ ಅಂಗಳದ ತುಂಬ ಹರಡಿದವು. “ಆ ಕಂಪ್ಯೂಟರ್ನಾಗೂ ಶ್ರೀ ಅಚ್ಚಾಗೇ ಬರ್ತೈತೆ ಕಣಕ್ಕಾ! ಮಿಷಿನ್ನೇ ಹಾಕಿರ್ತೈತೆ! ಬಾ ತೋರಿಸ್ತೀನಿ!”

“ದೆವ್ವ ಬಡಿದೈತೆ ಈ ಹುಡುಗಿಗೆ” ಎಂದಳು ಮುದ್ದಕ್ಕ. ಆದರೆ ಚಪ್ಪಲಿ ಮೆಟ್ಟಿಕೊಂಡಳು. “ನಡಿ, ಹೋಗಾಣ.”

ಕಪ್ಪು ಕಿಟಕಿ ತೆರೆದು ತೋರಿಸಿದೆ. ಸಾಲಿನ ಮುಂದೆ ಕಂಪ್ಯೂಟರಿನ ಹೆಸರು, ಲೈಬ್ರರಿಯ ಹೆಸರು, ಇನ್ನೇನೋ ಚುಕ್ಕೆ ಗೆರೆಗಳ ಉದ್ದ ಇಂಗ್ಲಿಷ್ ಸರಪಳಿ, ಅದರ ತುದಿಯಲ್ಲಿ ಒಂದು ಸಣ್ಣ $. ಮುದ್ದಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

“ಹೌದಲ್ಲೇ! ಐತೆ! ಅಲ್ಲ, ಶ್ರೀನ ತಲೆ ಮೇಲೆ ಇಡೋದು ಬಿಟ್ಟು ಬಾಲಕ್ಕೆ ಯಾವನೇ ಕಟ್ಟಿದ್ದು?”

ಆ ಸರಪಳಿಯನ್ನು ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು ಎಂದು ನನಗೆ ಗೊತ್ತಿತ್ತು. ಅಷ್ಟನ್ನೂ ಅಳಿಸಿ, ಆ ಜಾಗದಲ್ಲಿ ಕನ್ನಡದ ಶ್ರೀ ಇಟ್ಟೆ. ಬಂತು, ಆದರೆ ಶ ಒಂದು ಕಡೆ, ಒತ್ತು ಒಂದು ಕಡೆ, ದೀರ್ಘ ಇನ್ನೆಲ್ಲೋ ಬಿದ್ದಿತ್ತು. ಮಾನ ಬಿಟ್ಟು ಶರಣನಿಗೇ ಫೋನ್ ಮಾಡಿದೆ. ಕಥೆಯೆಲ್ಲ ಕೇಳಿದ. ಆ ಗಂಭೀರ ಮನುಷ್ಯ ಬಿದ್ದು ಬಿದ್ದು ನಕ್ಕ. ಆಮೇಲೆ ಬೇರೆ ಥರದ ಕಪ್ಪು ಕಿಟಕಿಯೊಂದರ ಹೆಸರು ಹೇಳಿದ. ಅದರಲ್ಲಿ ಶ್ರೀ ಒಂದೇ ಅಕ್ಷರವಾಗಿ ಮುದ್ದಾಗಿ ಬಂದು ಕುಳಿತಿತು. ಮುದ್ದಕ್ಕ ಲಟಿಕೆ ಮುರಿದು ದೃಷ್ಟಿ ತೆಗೆದಳು.

ಆಮೇಲೆ ಕಿತ್ತಿದ್ದ $ಗಳನ್ನು ವಾಪಸ್ ಇಟ್ಟು ಪುಟ ತಿದ್ದಿದೆ. ಈ ಸಲ ಯಂತ್ರ ಬರೆಯುವುದಕ್ಕೆ ಒಂದು ಗುರುತು, ಮನುಷ್ಯರು ಬರೆಯುವುದಕ್ಕೆ ಬೇರೆ ಗುರುತು. ಯಂತ್ರದ ಕೈಬರಹವೆಲ್ಲ ಮಸುಕು, ನಮ್ಮದು ಕಡುಗಪ್ಪು. ಮೇಲೊಂದು ಸಾಲು ಸೇರಿಸಿದೆ: ‘ಮಸುಕಾಗಿರುವುದನ್ನು ಯಂತ್ರವೇ ಬರೆದಿರುತ್ತದೆ, ಲಗ್ನಪತ್ರಿಕೆಯಲ್ಲಿ ಶ್ರೀ ಅಚ್ಚಾಗಿ ಬರುವಂತೆ. ಅದರ ಮೇಲೆ ಇನ್ನೊಂದು ಬರೆಯಬೇಡಿ.’

ಭಾನುವಾರ ಶರಣ್ ಬಂದ. ನಾನು ಅಂದುಕೊಂಡಷ್ಟು ದೊಡ್ಡವನಲ್ಲ, ಕೆಂಪು ಹೆಲ್ಮೆಟ್ಟಿನ ಸಣಕಲು ಮನುಷ್ಯ. “ಬರ್ರಿ, ಕುಂತ್ಕಳ್ರಿ” ಎಂದು ಮುದ್ದಕ್ಕನೇ ಕುರ್ಚಿ ಒರೆಸಿ ಕೊಟ್ಟಳು, ಲೈಬ್ರರಿ ಅವಳದೇ ಎಂಬಂತೆ. ನಂತರ ನನ್ನ ಬಾಯಿಗೆ ಒಂದು ಹಿಡಿ ಎಲೆಅಡಿಕೆ ತುರುಕಿದಳು. “ನಿನ್ ಬಾಯಿಗೆ ಇದೇ ಔಷಧಿ. ಉಗಿಯಂಗಿಲ್ಲ, ಮಾತಾಡಂಗಿಲ್ಲ.”

ಕಿಟಕಿ ತೆರೆಯಿತು. ಕಪ್ಪಿನ ಮೇಲೆ ಬಿಳಿ ಶ್ರೀ. ಮುದ್ದಕ್ಕ ಕೈಮುಗಿದು, ಸುಮ್ಮನೆ ಒಂದು ಎಂಟರ್ ಒತ್ತಿದಳು. ಕೆಳಗಿನ ಸಾಲಿನಲ್ಲಿ ಇನ್ನೊಂದು ಶ್ರೀ ಬಂತು.

“ನೋಡ್ರಿ! ತಾನೇ ಬರ್ಕಂತೈತೆ!”

ಇನ್ನೊಂದು ಒತ್ತಿದಳು. ಇನ್ನೊಂದು ಬಂತು. ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಟಕಟಕಟಕ ಎಂದು ಒತ್ತುತ್ತಲೇ ಹೋದಳು, ಪರದೆಯ ತುಂಬ ಮೇಲಿನಿಂದ ಕೆಳಗೆ ಶ್ರೀ ಶ್ರೀ ಶ್ರೀ. “ನಮ್ಮಪ್ಪ ಬದುಕಿದ್ದಿದ್ರೆ ಇದನ್ನ ನೋಡಿ ಕುಣಿದುಬಿಡ್ತಿದ್ದ!” ಎಂದು ಚಪ್ಪಾಳೆ ತಟ್ಟಿದಳು. ಶರಣ್ “ಇದು ಪುಟದಲ್ಲಿಲ್ಲ” ಎನ್ನಲು ಬಾಯಿ ತೆರೆದವನು, ತಾನೇ ಮಾಡಿದ ನಿಯಮ ನೆನಪಾಗಿ ಮುಚ್ಚಿಕೊಂಡ.

ಮತ್ತೆ ಪಾಠಕ್ಕೆ ಬಂದಳು. ಮಸುಕಾದದ್ದನ್ನು ಬಿಟ್ಟಳು, ಕಪ್ಪಾಗಿದ್ದದ್ದನ್ನು ಹೊಡೆದಳು. ಫೋಲ್ಡರ್ ಆಯಿತು. ಅದರೊಳಗೆ ಹೋಗಿದ್ದಾಯಿತು. ಫೈಲಿನಲ್ಲಿ ಒಂದು ಸಾಲು ಬರೆಯಿರಿ ಎಂದಿದ್ದರೆ, ತನ್ನ ಮುದ್ದಿನ ಟಗರಿನ ಹೆಸರು ಬರೆದಳು. ಐದನೇ ಪಾಠ ಅಲಿಯಾಸ್, ಅಂದರೆ ಒಂದು ಕಮಾಂಡಿಗೆ ನಮ್ಮಿಷ್ಟದ ಅಡ್ಡಹೆಸರು ಇಡುವುದು. ಇಲ್ಲಿ ಸಿಕ್ಕಿಬೀಳುತ್ತಾಳೆ ಎಂದುಕೊಂಡಿದ್ದೆ. ಅವಳೋ, “ಓ, ಪೇಪರ್ನಾಗೆ ಕಳ್ಳರಿಗೆ ಹಾಕಿರ್ತಾರಲ್ಲ, ಇಂಥೋನು ಅಲಿಯಾಸ್ ಇಂಥೋನು ಅಂತ, ಅದೇ!” ಎಂದು ಒಂದೇ ಏಟಿಗೆ ದಾಟಿದಳು. ಫೋಲ್ಡರಿನಲ್ಲಿ ಏನಿದೆ ಎಂದು ತೋರಿಸುವ ಕಮಾಂಡಿಗೆ ‘ನೋಡು’ ಎಂದು ಹೆಸರಿಟ್ಟಳು. ನೋಡು ಎಂದಳು, ಯಂತ್ರ ತೋರಿಸಿತು. ನನ್ನ ಕಣ್ಣಲ್ಲಿ ನೀರು, ಬಾಯಲ್ಲಿ ಕೆಂಪು ರಸ. ಎರಡನ್ನೂ ತಡೆದುಕೊಂಡು ಕೂತಿದ್ದೆ.

ಉಳಿದದ್ದು ಕೊನೆಯ ಪಾಠ, ಒಂದೇ ಸಾಲು. ಮುದ್ದಕ್ಕ ಗಟ್ಟಿಯಾಗಿ ಓದಿದಳು. “ಹೋಗಲು, ಎಕ್ಸಿಟ್ ಎಂದು ಟೈಪ್ ಮಾಡಿ.”

ಓದಿದವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಒಂದು ಕಮಾಂಡು. ನಾಲ್ಕಕ್ಷರ. ಹೊಡೆದರೆ ಕನ್ನಡ ಕೈಪಿಡಿಗೆ ಸೇರಿತು. ಅವಳು ಹೊಡೆಯಲಿಲ್ಲ. ಹೊಡೀ ಅಕ್ಕಾ, ಹೊಡೀ, ನಿನ್ನ ದಮ್ಮಯ್ಯ! ನಾನು ಸೀರೆಯ ಅಂಚನ್ನು ಹಿಂಡುತ್ತಿದ್ದೆ.

ಅವಳು ಶರಣನ ಕಡೆ ತಿರುಗಿದಳು. “ಏನಪ್ಪ, ನೀನೇ ಹೇಳು. ಬಂದ ಮನೆಯಿಂದ ಎದ್ದು ಬರ್ವಾಗ ಯಾರಾದ್ರೂ ಹೋಗ್ತೀನಿ ಅಂತಾರಾ?”

ಉತ್ತರ ಕೊಟ್ಟರೆ ಸಹಾಯ ಮಾಡಿದಂತಾದೀತೆಂದು ಶರಣ್ ಫ್ಯಾನ್ ನೋಡತೊಡಗಿದ. ನಗು ತಡೆದು ಅವನ ಕಿವಿ ಕೆಂಪಾಗಿತ್ತು.

“ಬರ್ತೀನಿ ಅನ್ಬೇಕು. ಇಷ್ಟೊತ್ತು ಹೇಳಿದ್ದೆಲ್ಲ ಕೇಳೈತೆ ಪಾಪ, ಅದರ ಮುಂದೆ ಹೋಗ್ತೀನಿ ಅಂತ ಹೆಂಗೆ ಅನ್ಲಿ? ನನ್ನ ಕೈಲಾಗಲ್ಲ.”

ಆ ಸಾಲು ಬರೆದವಳು ನಾನೇ. ಮಗುವಾಗಿದ್ದಾಗಿನಿಂದ ಹೊಸ್ತಿಲ ಮೇಲೆ ನಿಂತು “ಬರ್ತೀನಿ” ಎನ್ನುತ್ತಲೇ ಬೆಳೆದವಳು, ಇಂಗ್ಲಿಷ್ ಪುಟ ನೋಡಿಕೊಂಡು ‘ಹೋಗಲು’ ಎಂದು ಬರೆದಿದ್ದೆ. ಈಗ ಆ ಒಂದು ಪದ ನನ್ನ ಕೆಲಸವನ್ನೆಲ್ಲ ನುಂಗಲು ಬಾಯಿ ತೆರೆದು ಕೂತಿತ್ತು. ಕೂಗಬೇಕೆನಿಸಿತು. ಬಾಯಿ ತುಂಬ ಎಲೆಅಡಿಕೆ.

ಮುದ್ದಕ್ಕ ಭಾಷೆಯ ಕೀಲಿ ಒತ್ತಿ ‘ಬರ್ತೀನಿ’ ಎಂದು ಟೈಪ್ ಮಾಡಿದಳು. ಗೊತ್ತಿಲ್ಲ ಎಂದಿತು ಯಂತ್ರ. ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ.

“ಗೊತ್ತಿಲ್ಲಾಂದ್ರೆ ಕಲ್ತ್ಕ” ಎಂದಳು ಅವಳು, ಯಂತ್ರಕ್ಕೆ.

ಕಣ್ಣು ಬಿಟ್ಟೆ. ಮುದ್ದಕ್ಕ ಟ್ಯಾಬಿನ ಪುಟವನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತಿದ್ದಳು. ಐದನೇ ಪಾಠಕ್ಕೆ ಬಂದು ನಿಂತಳು. ಬೆರಳಿಟ್ಟು ಓದಿದಳು. ಆಮೇಲೆ ಒಂದೊಂದೇ ಅಕ್ಷರ, ನಡುವೆ ಭಾಷೆ ಬದಲಿಸಿಕೊಂಡು, ಅಲಿಯಾಸ್ ಎಂದು ಹೊಡೆದಳು. ಅದರ ಮುಂದೆ ಬರ್ತೀನಿ, ಸಮ ಚಿಹ್ನೆ, ಎಕ್ಸಿಟ್. ಎಂಟರ್ ಒತ್ತಿದಳು. ಯಂತ್ರ ಏನೂ ತಕರಾರು ಮಾಡದೆ ಹೊಸ ಶ್ರೀ ಬರೆಯಿತು.

ಮುದ್ದಕ್ಕ ಬೆನ್ನು ನೆಟ್ಟಗೆ ಮಾಡಿ ಕುಳಿತು ‘ಬರ್ತೀನಿ’ ಎಂದು ಟೈಪ್ ಮಾಡಿದಳು. ಕಪ್ಪು ಕಿಟಕಿ ಸದ್ದಿಲ್ಲದೆ ಮುಚ್ಚಿಕೊಂಡಿತು.

ನಾನು ಹೊರಗೋಡಿ ಬೇವಿನ ಮರದ ಬುಡಕ್ಕೆ ಉಗಿದು, ಮುಖ ತೊಳೆದುಕೊಂಡು, ಅಲ್ಲೇ ಒಂದಿಷ್ಟು ಅತ್ತು ಒಳಗೆ ಬಂದೆ. ಶರಣ್ ಟ್ಯಾಬ್ ಹಿಡಿದು ನಿಂತಿದ್ದ.

“ಕಾವ್ಯಶ್ರೀ ಅವ್ರೇ, ಕೊನೇ ಸಾಲು ತಪ್ಪೈತೆ” ಎಂದ. ಅವನು ನಗುತ್ತಿದ್ದ. “ಹೊರಡೋರಿಗೆ ಹಂಗೆ ಹೇಳ್ತಾರೇನ್ರಿ? ಇವತ್ತೇ ತಿದ್ದಿ ಕಳಿಸ್ರಿ, ನಾಳೆ ಸೇರಿಸ್ತೀನಿ. ನಾವು ಕಲಿಸ್ದೆ ಇದ್ದಿದ್ದನ್ನೂ ಅವ್ರು ಮಾಡಿದ್ರು. ಇನ್ನೇನು ಬೇಕು?”

ನಾನು ಟ್ಯಾಬಿಗೆ ಕೈ ಚಾಚಿದೆ. ಅಷ್ಟರಲ್ಲಿ ಹಿಂದಿನಿಂದ ಟಕಟಕ ಸದ್ದು. ಮುದ್ದಕ್ಕ ಕಿಟಕಿಯನ್ನು ಮತ್ತೆ ತೆರೆಯುತ್ತಿದ್ದಳು.

“ಮುಗೀತಲ್ಲಕ್ಕಾ, ಪಾಸಾದೆ! ಮತ್ತೆ ಯಾಕೆ?”

“ಬರ್ತೀನಿ ಅಂದಿದ್ನಲ್ಲೇ” ಎಂದಳು ತಿರುಗಿ ನೋಡದೆ. “ಬಂದೆ.”

ಪರದೆಯ ಮೇಲೆ ಶ್ರೀ ಆಗಲೇ ಬಂದಿತ್ತು.